ಐವರು ಆಟಗಾರರು, ಅದರಲ್ಲಿ ಎರಡು ಕುದುರೆ

ನನ್ನ ಅತ್ತಿಗೆ ಕಲಿಪಾಳ ಎತ್ತರ ಆರಡಿ ಎರಡಂಗುಲ. ನಮ್ಮ ಸಾರಿ-ಚೀ ಊರಿನಲ್ಲಿ ಅಷ್ಟು ಎತ್ತರದಿಂದ ಆಗುವ ಕೆಲಸ ಹೆಚ್ಚೇನೂ ಇರಲಿಲ್ಲ. ಗುಡಾರದ ನೆತ್ತಿಯ ಕಂಬಳಿ ಸಿಕ್ಕಿಕೊಂಡರೆ, ಹುಲ್ಲಿನ ಮೆದೆಯ ತುದಿಗೆ ಹಗ್ಗ ಎಸೆಯಬೇಕಾದರೆ, ಜನ ಏಣಿ ಹುಡುಕುವ ಬದಲು ಅವಳನ್ನು ಕೂಗುತ್ತಿದ್ದರು. ಅವಳೂ ಬಂದು ಎರಡು ನಿಮಿಷದಲ್ಲಿ ಕೆಲಸ ಮುಗಿಸಿ, ಚಹಾ ಕುಡಿದು ಹೋಗುತ್ತಿದ್ದಳು. ಸೊಸೆಯಾಗಿ ಬರುವ ಮೊದಲು, ರಾಜಧಾನಿಯನ್ನು ಇನ್ನೂ ಫ್ರುಂಜೆ ಎಂದು ಕರೆಯುತ್ತಿದ್ದ ಕಾಲದಲ್ಲಿ, ಅವಳು ಅಲ್ಲಿ ಮೂರು ವರ್ಷ ಬಾಸ್ಕೆಟ್‌ಬಾಲ್ ಆಡಿದ್ದಳು. ಪಶುವೈದ್ಯ ಕಾಲೇಜಿನ ತಂಡಕ್ಕೆ ನಾಯಕಿಯಾಗಿದ್ದಳು. ಈ ವಿಷಯ ಊರಿನ ಎಲ್ಲರಿಗೂ ಗೊತ್ತಿತ್ತು, ಯಾರಿಗೂ ನೆನಪಿರಲಿಲ್ಲ.

ನೆನಪಿಟ್ಟುಕೊಳ್ಳಲು ಬೇರೆ ವಿಷಯಗಳಿದ್ದವು. ಸಾರಿ-ಚೀಯಲ್ಲಿ ಆಟ ಅಂದರೆ ಕೋಕ್-ಬೊರು ಒಂದೇ. ತಲೆ ತೆಗೆದ ಮೇಕೆಯನ್ನು ಓಡುವ ಕುದುರೆಯಿಂದ ಬಾಗಿ ಎತ್ತಿಕೊಳ್ಳಬೇಕು, ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಎದುರಾಳಿಗಳ ಕುದುರೆಗಳ ನಡುವೆ ನುಗ್ಗಬೇಕು, ಮಣ್ಣು ಕಟ್ಟಿ ಎತ್ತರಿಸಿದ ಅವರ ಹೊಂಡಕ್ಕೆ ಎಸೆಯಬೇಕು. ಆ ಹೊಂಡವನ್ನು ನಾವು ಕಡಾಯಿ ಎನ್ನುತ್ತೇವೆ. ನನ್ನ ಅಣ್ಣ ಎಶಿಂಬೆತ್ ಹದಿನೇಳು ವರ್ಷದಿಂದ ಊರ ತಂಡದ ನಾಯಕ. ಅವನ ಕಾಲುಗಳು ಜೀನಿನ ಆಕಾರಕ್ಕೆ ಬಾಗಿಹೋಗಿದ್ದವು. ನೆಲದ ಮೇಲೆ ನಿಂತರೆ ಅವುಗಳ ನಡುವೆ ಒಂದು ಕುರಿಮರಿ ಆರಾಮವಾಗಿ ದಾಟಿಹೋಗಬಹುದಿತ್ತು. ಅಂಗಡಿಗೂ ಅವನು ಕುದುರೆಯ ಮೇಲೇ ಹೋಗುತ್ತಿದ್ದ. ಅಂಗಡಿ ಇದ್ದದ್ದು ನಮ್ಮ ಮನೆಯ ಎದುರಿಗೆ.

ಅತ್ತಿಗೆ ಪ್ರತಿ ವಸಂತದಲ್ಲೂ ಜಿಲ್ಲಾ ಕ್ರೀಡಾ ಕಚೇರಿಗೆ ಒಂದು ಪತ್ರ ಬರೆಯುತ್ತಿದ್ದಳು. ರಷ್ಯನ್‌ ಭಾಷೆಯಲ್ಲಿ ತಪ್ಪಾಗಬಾರದೆಂದು ನನ್ನಿಂದ ಓದಿಸುತ್ತಿದ್ದಳು. ನಾನು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಪತ್ರದಲ್ಲಿದ್ದದ್ದು ಒಂದೇ ಸಾಲು: ನಮ್ಮ ಊರಿಗೆ ಬಾಸ್ಕೆಟ್‌ಬಾಲಿನ ಎರಡು ಬಳೆ, ಒಂದು ಚೆಂಡು ಕಳಿಸಿಕೊಡಿ. ಹತ್ತು ವರ್ಷ ಉತ್ತರ ಬರಲಿಲ್ಲ. ಹನ್ನೊಂದನೆಯ ವರ್ಷ, ಜುಲೈ ತಿಂಗಳಲ್ಲಿ, ಒಂದು ಲಾರಿ ಬಂದು ಮರದ ಎರಡು ಪೆಟ್ಟಿಗೆಗಳನ್ನು ಶಾಲೆಯ ಮುಂದೆ ಇಳಿಸಿ ಹೋಯಿತು.

ಆ ಹೊತ್ತಿಗೆ ಅತ್ತಿಗೆ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ಕುದುರೆಗಳ ಹಾಲು ಕರೆಯುತ್ತಿದ್ದಳು. ಹಾಗಾಗಿ ಪೆಟ್ಟಿಗೆ ಒಡೆದವರು ಗಂಡಸರು. ಜೀನು ಹೊಲಿಯುವ ತುರ್ದುಕೆ ಅಜ್ಜ ಮುಂದೆ ನಿಂತಿದ್ದ. ಎಪ್ಪತ್ತೆಂಟು ವರ್ಷದ ಅವನು ಕೋಕ್-ಬೊರು ಪಂದ್ಯಗಳಿಗೆಲ್ಲ ತೀರ್ಪುಗಾರ. ಅವನ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಅವನು ಕಬ್ಬಿಣದ ಬಳೆಯನ್ನು ಎತ್ತಿ ಅದರೊಳಗಿಂದ ನನ್ನನ್ನು ನೋಡಿದ.

"ಇದೇನೋ ದೂಲತ್, ಕಡಾಯಿಗೆ ತಳನೇ ಇಲ್ವಲ್ಲೋ?"

"ಇದು ಹಾಗೇ ಇರೋದು ಅಜ್ಜ. ಹಾಕಿದ ಚೆಂಡು ಕೆಳಗೆ ಬೀಳ್ಬೇಕು."

"ಬೀಳೋ ಹಾಗಿದ್ರೆ ಹಾಕೋದ್ಯಾಕೆ?"

ಅಣ್ಣ ಚೆಂಡನ್ನು ಒಂದು ಕೈಯಲ್ಲಿ ಹಿಡಿದು ತೂಗಿ ನೋಡಿದ. ಮೂವತ್ತೈದು ಕಿಲೋ ಮೇಕೆ ಎತ್ತುವ ಕೈ ಅದು. "ಇದರೊಳಗೆ ಏನೂ ಇಲ್ಲ ಕಣೋ," ಎಂದ, ಯಾರೋ ಮೋಸ ಮಾಡಿದ್ದಾರೆ ಎಂಬ ದನಿಯಲ್ಲಿ. ಪೆಟ್ಟಿಗೆಯಲ್ಲಿ ತೋಳಿಲ್ಲದ ಅಂಗಿಗಳು, ಚಡ್ಡಿಗಳು, ಒಂದು ನಿಯಮ ಪುಸ್ತಕ, ಎರಡು ಬಿಳಿಯ ಬಲೆಗಳು ಇದ್ದವು. ಚಡ್ಡಿಗಳನ್ನು ಮಕ್ಕಳಿಗೆಂದು ತಿಳಿದು ಹಂಚಿಬಿಟ್ಟರು. ಬಲೆಗಳನ್ನು ಮೆದೆರ್ ಎಂಬ ಸವಾರನ ತಾಯಿ ಸೋನುನ್‌ಬೂಬು ತೆಗೆದುಕೊಂಡಳು. "ಸರ್ಕಾರದವರು ಹರಿದ ಚೀಲ ಕಳಿಸಿದ್ದಾರೆ ನೋಡು," ಎಂದು ಬೈದುಕೊಂಡು, ಎರಡರ ತಳವನ್ನೂ ದಪ್ಪ ನೂಲಿನಿಂದ ಹೊಲಿದು ಈರುಳ್ಳಿ ತುಂಬಿ ನೇತುಹಾಕಿದಳು.

ಜೊತೆಗಿದ್ದ ಪತ್ರವನ್ನು ನಾನು ಓದಿದೆ. ಆಗಸ್ಟ್ ಇಪ್ಪತ್ತೈದಕ್ಕೆ ಕ್ರೀಡಾ ಕಚೇರಿಯ ಇನ್ಸ್‌ಪೆಕ್ಟರ್ ಬರುತ್ತಾರೆ. ಜೊತೆಗೆ ಪಟ್ಟಣದ ತಂಡವನ್ನು ಕರೆತರುತ್ತಾರೆ. ಊರಿನವರು ಹದಿನೆಂಟು ದಾಟಿದ ಐವರ ತಂಡ ಕಟ್ಟಿ ಪಂದ್ಯ ಆಡಬೇಕು. ಆಡದಿದ್ದರೆ ಸಾಮಾನೆಲ್ಲ ವಾಪಸ್.

ವಾಪಸ್ ಎಂಬ ಮಾತು ಕೇಳಿ ಅಣ್ಣನಿಗೆ ಸಿಟ್ಟು ಬಂತು. ಒಮ್ಮೆ ಊರಿಗೆ ಬಂದದ್ದನ್ನು ವಾಪಸ್ ಕೊಡುವುದು ಸಾರಿ-ಚೀಯ ಪದ್ಧತಿಯಲ್ಲ. "ಆಡೋಣ," ಎಂದ. "ಐದು ಜನ ತಾನೇ? ನಾನು, ಅಬ್ದಿಷ್, ಮೆದೆರ್, ಇನ್ನಿಬ್ಬರು ನಮ್ಮವರೇ."

ಹಳೆಯ ಸಾಮೂಹಿಕ ಜಮೀನಿನ ಕಾಂಕ್ರೀಟ್ ಕಣದಲ್ಲಿ ಕಂಬ ನೆಟ್ಟರು. ಪುಸ್ತಕದಲ್ಲಿ ಬಳೆಯ ಎತ್ತರ ಮೂರು ಮೀಟರ್ ಐದು ಸೆಂಟಿಮೀಟರ್ ಎಂದಿತ್ತು. ಅಣ್ಣ ತನ್ನ ಕುದುರೆ ಕಾರಾ-ಕಾಷ್ಕಾ ಮೇಲೆ ಕುಳಿತು ಬಳೆಯ ಕೆಳಗೆ ಬಂದು ಕೈ ಚಾಚಿದ. ಬೆರಳು ಸರಿಯಾಗಿ ಬಳೆಗೆ ತಾಗಿತು. ಕಣದ ಸುತ್ತ ನಿಂತವರೆಲ್ಲ ಹತ್ತಿರ ಬಂದು ನೋಡಿದರು.

"ನೋಡಿದ್ರಾ?" ಎಂದ ತುರ್ದುಕೆ ಅಜ್ಜ. "ಈ ಆಟ ಮಾಡಿದೋರು ಕುದುರೆ ಮೇಲೆ ಕೂತೇ ಅಳತೆ ತಗೊಂಡಿದ್ದಾರೆ."

ಅಷ್ಟರಲ್ಲಿ ಅತ್ತಿಗೆ ಬೆಟ್ಟದಿಂದ ಇಳಿದು ಬಂದಿದ್ದಳು. ಅವಳು ಮೊದಲು ಬಳೆಗಳನ್ನು ನೋಡಿದಳು. ಕೈಯಲ್ಲಿದ್ದ ಹಾಲಿನ ಪಾತ್ರೆ ಕೆಳಗಿಟ್ಟು, ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. ಆಮೇಲೆ ಕುದುರೆಗಳನ್ನು ನೋಡಿದಳು.

"ಇದನ್ನ ನಡ್ಕೊಂಡು ಆಡೋದು," ಎಂದಳು.

"ಯಾರು ಹೇಳಿದ್ದು?"

"ನಾನು ಹೇಳ್ತಿದ್ದೀನಿ. ಮೂರು ವರ್ಷ ಆಡಿದ್ದೀನಿ."

"ಅದು ಹೆಂಗಸರ ಆಟದಲ್ಲಿ ಇರಬಹುದು," ಎಂದ ಅಣ್ಣ. "ದೂಲತ್, ಪುಸ್ತಕ ಓದೋ. ನಡೀಬೇಕು ಅಂತ ಎಲ್ಲಿ ಬರೆದಿದೆ ತೋರಿಸು."

ಎರಡು ಸಂಜೆ ಕುಳಿತು ಎಪ್ಪತ್ತೆರಡು ಪುಟ ಓದಿದೆ. ಗಂಡಸರೆಲ್ಲ ನಮ್ಮ ಮನೆಯಲ್ಲಿ ಚಹಾ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೌರ್ಸಾಕ್ ಮುಂದಿಟ್ಟುಕೊಂಡು ಕೇಳಿದರು. ಶೂಗಳ ಬಗ್ಗೆ ಇತ್ತು, ಉಗುರಿನ ಬಗ್ಗೆ ಇತ್ತು, ಉಂಗುರ ಹಾಕಿಕೊಳ್ಳಬಾರದು ಎಂದಿತ್ತು. ಕುದುರೆಯಿಂದ ಇಳಿಯಬೇಕು ಎಂದು ಎಲ್ಲಿಯೂ ಇರಲಿಲ್ಲ. ಚೆಂಡು ಹಿಡಿದು ಎರಡು ಹೆಜ್ಜೆಗಿಂತ ಹೆಚ್ಚು ಇಡಬಾರದು ಎಂಬ ನಿಯಮ ಬಂದಾಗ ಅಬ್ದಿಷ್ ಬಾಯಲ್ಲಿದ್ದ ಬೌರ್ಸಾಕ್ ನುಂಗಿ ಹೇಳಿದ: "ನಾವು ಹೆಜ್ಜೆನೇ ಇಡಲ್ವಲ್ಲ. ಕುದುರೆ ಇಡುತ್ತೆ. ಕುದುರೆ ಕೈಲಿ ಚೆಂಡಿಲ್ಲ." ಎಲ್ಲರೂ ತಲೆದೂಗಿದರು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕೆಟಲ್ ತುಂಬಿಸಲು ಹೋದಳು.

ಮಾರನೆಯ ದಿನ ನಾನು ಕೇಳಿದೆ: "ಯಾಕೆ ಸುಮ್ಮನಿದ್ದೀರಿ ಅತ್ತಿಗೆ? ಜಗಳ ಮಾಡಿ."

"ಜಗಳ ಮಾಡಿದ್ರೆ ಪೆಟ್ಟಿಗೆ ವಾಪಸ್ ಹೋಗುತ್ತೆ. ಆಡ್ಲಿ ಬಿಡು ದೂಲತ್. ಯಾವುದರ ಮೇಲಾದ್ರೂ ಕೂತು ಆಡ್ಲಿ."

ಅಭ್ಯಾಸ ಶುರುವಾಯಿತು. ನಾಲ್ಕನೆಯ ದಿನ ಅಬ್ದಿಷನ ಕುದುರೆ ತೊರು ಚೆಂಡಿನ ಮೇಲೆ ಕಾಲಿಟ್ಟಿತು. ಬಂದೂಕು ಹಾರಿದಂತೆ ಸದ್ದಾಗಿ, ಮೂರು ಕುದುರೆಗಳು ಸೇತುವೆಯವರೆಗೂ ಓಡಿಹೋದವು. ತುರ್ದುಕೆ ಅಜ್ಜ ಚೆಂಡನ್ನು ಮನೆಗೆ ಒಯ್ದು, ಒಳಗೆ ಕುರಿಯ ಉಣ್ಣೆ ಗಿಡಿದು, ಜೀನಿನ ದಾರದಲ್ಲಿ ಹೊಲಿದು ತಂದ. ಈಗ ಅದು ಮೂರು ಕಿಲೋ ತೂಗುತ್ತಿತ್ತು. ನೆಲಕ್ಕೆ ಹಾಕಿದರೆ ಹಾಕಿದಲ್ಲೇ ಕೂರುತ್ತಿತ್ತು.

"ಹಾಂ," ಎಂದ ಅಣ್ಣ, ಅದನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತ. "ಈಗ ಕೈಗೆ ಏನೋ ಸಿಕ್ಕ ಹಾಗಿದೆ."

ಅಂದಿನಿಂದ ಗಂಡಸರಿಗೆ ಆಟದಲ್ಲಿ ನಿಜವಾದ ಆಸಕ್ತಿ ಹುಟ್ಟಿತು. ಉಣ್ಣೆಯ ಚೆಂಡನ್ನು ಕುದುರೆಯಿಂದ ಬಾಗಿ ಎತ್ತಿ, ಒಬ್ಬರನ್ನೊಬ್ಬರು ತಳ್ಳಿಕೊಂಡು, ಬಳೆಯೊಳಗೆ ಧಪ್ಪೆಂದು ಹಾಕುತ್ತಿದ್ದರು. ಸೋಲುವುದು ಸಾಧ್ಯವೇ ಇಲ್ಲ ಎಂದು ಊರೆಲ್ಲ ನಂಬಿತು. ಅತ್ತಿಗೆ ಹಾಲು ಕರೆದು ಬರುವಾಗ ದಿನವೂ ಕಣದ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಮದುವೆಯಲ್ಲಿ ಯಾರೋ ತಪ್ಪು ಹಾಡು ಹಾಡುತ್ತಿದ್ದರೆ ಅತಿಥಿಗಳು ಕೇಳುವ ಹಾಗೆ ಅವಳು ನೋಡುತ್ತಿದ್ದಳು.

ಆಗಸ್ಟ್ ಇಪ್ಪತ್ತೈದರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಸೊವೆತ್ಬೆಕ್ ಅಸಾನೊವಿಚ್ ಬಂದರು. ಬಿಸಿಲಿನಲ್ಲೂ ಕೋಟು, ಕೈಯಲ್ಲಿ ಚರ್ಮದ ಚೀಲ, ಕೊರಳಲ್ಲಿ ಸೀಟಿ. ರೆಫ್ರಿಯೂ ಅವರೇ. ವ್ಯಾನಿನಿಂದ ಪಟ್ಟಣದ ತಂಡ ಇಳಿಯಿತು: ಒಬ್ಬ ಹಲ್ಲಿನ ಡಾಕ್ಟರ್, ಅವನೇ ನಾಯಕ, ಇಬ್ಬರು ಮೇಷ್ಟ್ರು, ಅಂಚೆ ಕಚೇರಿಯ ಗುಮಾಸ್ತ, ಬೇಕರಿಯವನು. ಎದುರಿಗೆ ನಮ್ಮ ಐವರು ಸಾಲಾಗಿ ಕುದುರೆಗಳ ಮೇಲೆ ಕುಳಿತಿದ್ದರು, ಹತ್ತಿ ತುಂಬಿದ ಕೋಟುಗಳ ಮೇಲೆ ತೋಳಿಲ್ಲದ ಅಂಗಿಗಳನ್ನು ಎಳೆದು ಹಾಕಿಕೊಂಡು.

"ಕುದುರೆಗಳನ್ನ ಆ ಕಡೆ ಕಟ್ಟಿ, ತಂಡ ಕರೀರಿ," ಎಂದರು ಇನ್ಸ್‌ಪೆಕ್ಟರ್.

"ತಂಡ ಇದೇ," ಎಂದ ಅಣ್ಣ.

ಇನ್ಸ್‌ಪೆಕ್ಟರ್ ಸಿಟ್ಟಾಗಲಿಲ್ಲ. ಅವರು ಪುಸ್ತಕದ ಮನುಷ್ಯ. ವ್ಯಾನಿನ ನೆರಳಿನಲ್ಲಿ ಕುಳಿತು, ಕನ್ನಡಕ ಹಾಕಿ, ನಾನು ಎರಡು ಸಂಜೆ ಓದಿದ್ದನ್ನೇ ಮುಕ್ಕಾಲು ಗಂಟೆಯಲ್ಲಿ ಓದಿದರು. ಆಮೇಲೆ ಕಚೇರಿಗೆ ಫೋನ್ ಮಾಡಲು ಸಿಗ್ನಲ್ ಸಿಗುವ ಗುಡ್ಡ ಹತ್ತಿದರು. ಇಳಿದು ಬಂದಾಗ ಬೆವರಿದ್ದರು. "ಊಟಕ್ಕೆ ಹೋಗಿದ್ದಾರಂತೆ," ಎಂದರು. ಸ್ವಲ್ಪ ಯೋಚಿಸಿ ಅಣ್ಣನ ಹತ್ತಿರ ಬಂದರು.

"ಪಂದ್ಯ ನಡೆಯುವಾಗ ಈ ಕುದುರೆ ಅಂಗಳದ ಒಳಗೆ ಇರುತ್ತಾ?"

"ಇರುತ್ತೆ."

"ಓಡುತ್ತಾ?"

"ಓಡದೆ ಇನ್ನೇನು, ಕೂತ್ಕೊಂಡು ಚಹಾ ಕುಡಿಯುತ್ತಾ?"

"ಎದುರಾಳಿಗೆ ಅಡ್ಡ ಬರುತ್ತಾ?"

"ಅದಕ್ಕೇ ಸಾಕಿರೋದು."

"ಹಾಗಾದ್ರೆ ಅದು ಆಟಗಾರ," ಎಂದರು ಇನ್ಸ್‌ಪೆಕ್ಟರ್, ಹಾಳೆಯ ಮೇಲೆ ಬರೆದುಕೊಳ್ಳುತ್ತ. "ಅಂಗಳದಲ್ಲಿ ಐದೇ ಆಟಗಾರರು ಇರಬೇಕು. ನಿಮ್ಮವರು ಹತ್ತು ಜನ ಇದ್ದಾರೆ."

ಹಲ್ಲಿನ ಡಾಕ್ಟರ್ ಓಡಿ ಬಂದ. "ಸಾರ್, ಅದು ಕುದುರೆ!"

"ನನಗೂ ಕಣ್ಣಿದೆ. ಕುದುರೆ ಬೇಡ ಅನ್ನೋ ನಿಯಮ ಇದ್ರೆ ತೋರಿಸಿ, ಈಗಲೇ ಹೊರಗೆ ಹಾಕ್ತೀನಿ."

ಲೆಕ್ಕ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಇಬ್ಬರು ಸವಾರರು, ಎರಡು ಕುದುರೆ, ನಾಲ್ಕಾಯಿತು. ಉಳಿದ ಒಬ್ಬ ನೆಲದ ಮೇಲೆ ಆಡಬೇಕು. ಸವಾರರಾಗಿ ಅಣ್ಣ ಕಾರಾ-ಕಾಷ್ಕಾ ಮೇಲೆ, ಅಬ್ದಿಷ್ ತೊರು ಮೇಲೆ. ಆಟಗಾರರಿಗೆಲ್ಲ ನಂಬರ್ ಬೇಕು ಎಂದಿದ್ದರಿಂದ ಕುದುರೆಗಳ ಕೊರಳಿಗೂ ಅಂಗಿ ಕಟ್ಟಿದೆವು. ನೋಂದಣಿ ಮಾಡುವಾಗ ಹುಟ್ಟಿದ ವರ್ಷದ ಪ್ರಶ್ನೆ ಬಂತು. ಕಾರಾ-ಕಾಷ್ಕಾಗೆ ಹದಿಮೂರು ಎಂದ ಅಣ್ಣ. ಇನ್ಸ್‌ಪೆಕ್ಟರಿಗೆ ಅನುಮಾನ ಬಂದು ಹಲ್ಲಿನ ಡಾಕ್ಟರನ್ನು ಕರೆದರು. ಅವನು ತನ್ನ ವೃತ್ತಿಗೆ ಇದಕ್ಕಿಂತ ದೊಡ್ಡ ಅವಮಾನ ಆಗಿಲ್ಲ ಎನ್ನುವ ಮುಖ ಮಾಡಿಕೊಂಡು ಕುದುರೆಯ ಬಾಯಿ ತೆರೆದು ನೋಡಿ, "ಒಂಬತ್ತು. ಹಲ್ಲು ಚೆನ್ನಾಗಿದೆ," ಎಂದ.

"ಒಂಬತ್ತಾದ್ರೂ ಹದಿಮೂರಾದ್ರೂ ಆಡುವಂತಿಲ್ಲ. ಹದಿನೆಂಟು ಆಗಿರಬೇಕು," ಎಂದರು ಇನ್ಸ್‌ಪೆಕ್ಟರ್.

"ಕುದುರೆಗೆ ಒಂಬತ್ತು ಅಂದ್ರೆ ಮನುಷ್ಯನಿಗೆ ಮೂವತ್ತು," ಎಂದ ತುರ್ದುಕೆ ಅಜ್ಜ. "ನಿಮ್ಮ ಫಾರಂ ಮನುಷ್ಯರದ್ದು ತಾನೇ?"

ಇನ್ಸ್‌ಪೆಕ್ಟರ್ ಮೂವತ್ತು ಎಂದು ಬರೆದರು. ತೊರುವಿಗೆ ಇಪ್ಪತ್ತಾರು. ಆಮೇಲೆ ತಲೆಯೆತ್ತಿ ಕೇಳಿದರು: "ಐದನೆಯವರು?"

ಮೆದೆರ್ ತನ್ನ ಕುದುರೆಯ ಕಿವಿ ಕೆರೆಯತೊಡಗಿದ. ಇನ್ನಿಬ್ಬರು ಸವಾರರು ಬೆಟ್ಟದ ಕಡೆ ನೋಡಿದರು. ಊರೆಲ್ಲ ನೋಡುತ್ತಿರುವಾಗ, ಗಂಡಸು ಕುದುರೆಯಿಂದ ಇಳಿದು, ಕುದುರೆಯೇ ಆಡುವ ಆಟದಲ್ಲಿ ಅದರ ಪಕ್ಕ ಓಡುವುದು ಯಾರಿಗೂ ಬೇಕಿರಲಿಲ್ಲ.

"ನಾನು," ಎಂದಳು ಅತ್ತಿಗೆ.

ಜನ ತಿರುಗಿ ನೋಡಿದರು. ಅವಳು ಹೂವಿನ ತಲೆವಸ್ತ್ರವನ್ನು ಬಿಗಿಯಾಗಿ ಕಟ್ಟಿಕೊಂಡು, ರಬ್ಬರ್ ಬೂಟು ಕಳಚಿ, ನನ್ನ ಕ್ಯಾನ್ವಾಸ್ ಶೂ ಹಾಕಿಕೊಂಡು ನಿಂತಿದ್ದಳು. ಯಾವಾಗ ನನ್ನ ಮನೆಯಿಂದ ತಂದಿದ್ದಳೋ.

"ಹೆಂಗಸರು..." ಎಂದು ಶುರುಮಾಡಿದರು ಇನ್ಸ್‌ಪೆಕ್ಟರ್.

"ಕಾರಾ-ಕಾಷ್ಕಾನ ಬರ್ಕೊಂಡ್ರಲ್ಲ ಸೊವೆತ್ಬೆಕ್ ಅಸಾನೊವಿಚ್, ಅದರ ಕೆಳಗೆ ನನ್ನ ಹೆಸರನ್ನೂ ಬರ್ಕೊಳ್ಳಿ. ನಲವತ್ತೇಳು ವರ್ಷ. ಹಲ್ಲು ನೋಡ್ಬೇಕಾ?"

ಇನ್ಸ್‌ಪೆಕ್ಟರ್ ಬರೆದುಕೊಂಡರು. ಆಮೇಲೆ ಬಳೆಯತ್ತ ನೋಡಿ, "ಬಲೆ ಎಲ್ಲಿ?" ಎಂದರು. ಸೋನುನ್‌ಬೂಬು ಗೊಣಗುತ್ತ ಮನೆಗೆ ಹೋಗಿ, ಈರುಳ್ಳಿ ಸುರಿದು, ಹೊಲಿಗೆ ಬಿಚ್ಚಿ ತಂದಳು. ಬಳೆಗೆ ಕಟ್ಟಿದ್ದು ಅತ್ತಿಗೆ. ಏಣಿ ಬೇಕಾಗಲಿಲ್ಲ, ಒಂದು ಪೆಟ್ಟಿಗೆಯ ಮೇಲೆ ನಿಂತಳು.

ನಮ್ಮ ಸೋಲು ಶುರುವಾದದ್ದು ಆ ಬಲೆಯಿಂದ. ಅದು ಬಿಳಿಯಾಗಿ ಗಾಳಿಗೆ ಪಟಪಟ ಬಡಿಯುತ್ತಿತ್ತು. ಮೇಲಾಗಿ ಈರುಳ್ಳಿ ವಾಸನೆ. ಒಂದು ತಿಂಗಳಿಂದ ಬರಿಯ ಬಳೆಗೆ ಒಗ್ಗಿದ್ದ ಕುದುರೆಗಳು ಅದನ್ನು ಕಂಡು ಐದು ಮಾರು ದೂರದಲ್ಲೇ ಕಿವಿ ನಿಮಿರಿಸಿ ನಿಂತುಬಿಟ್ಟವು. ಒದ್ದರೂ ಮುಂದೆ ಬರಲಿಲ್ಲ. ಎರಡನೆಯ ತೊಂದರೆ ಚೆಂಡು. ಪಟ್ಟಣದವರು ತಂದದ್ದರಲ್ಲಿ ಗಾಳಿಯಿತ್ತು. ಅತ್ತಿಗೆ ಮೊದಲ ನೆಗೆತದಲ್ಲೇ ಅದನ್ನು ಡಾಕ್ಟರನ ತಲೆಯ ಮೇಲಿಂದ ಅಬ್ದಿಷನಿಗೆ ತಟ್ಟಿದಳು. ಅಬ್ದಿಷ್ ಮೇಕೆ ಎಸೆಯುವ ಭುಜದಿಂದ ಎಸೆದ. ಚೆಂಡು ಬಳೆಯ ಹಿಂದಿನ ಹಲಗೆಯ ಮೇಲಿಂದ, ಶಾಲೆಯ ಮಾಡಿನ ಮೇಲಿಂದ ಹಾರಿ ಕಾಲುವೆಯಾಚೆಯ ಬೀಟ್‌ರೂಟ್ ಹೊಲದಲ್ಲಿ ಬಿತ್ತು. ತರಲು ಹತ್ತು ನಿಮಿಷ ಬೇಕಾಯಿತು. ಎರಡನೆಯ ಸಲ ಅಣ್ಣ ಎಸೆದ, ಹದಿನೈದು ನಿಮಿಷ.

"ಮೆಲ್ಲಗೆ!" ಎಂದು ಕೂಗಿದಳು ಅತ್ತಿಗೆ. "ಮಗು ಕೈಗೆ ಸೇಬು ಕೊಟ್ಟ ಹಾಗೆ!"

"ಯಾವ ಮಗು?" ಎಂದು ಅಬ್ದಿಷ್ ಸುತ್ತ ನೋಡಿದ.

ಅವಳಿಗೆ ಚೆಂಡು ಸಿಗುವುದೇ ಕಷ್ಟವಾಯಿತು. ಅವರಿಬ್ಬರೂ ಸಿಕ್ಕಿದ್ದನ್ನು ತೊಡೆಯಡಿ ಒತ್ತಿ ಹಿಡಿಯುವ ಜನ. ಇನ್ನೊಬ್ಬರಿಗೆ ಕೊಡುವುದು ಅವರ ರಕ್ತದಲ್ಲೇ ಇರಲಿಲ್ಲ. ಹಾಗೂ ಹೀಗೂ ನಾಲ್ಕು ಸಲ ಅವಳ ಕೈಗೆ ಬಂತು, ನಾಲ್ಕು ಸಲವೂ ಬಳೆಯೊಳಗೆ ಹೋಯಿತು. ಚೆಂಡು ಬಲೆಯನ್ನು ಸವರಿ ಇಳಿದಾಗ ಆಗುವ ಸಣ್ಣ ಸದ್ದನ್ನು ನಮ್ಮೂರು ಮೊದಲ ಸಲ ಕೇಳಿತು. ಮೂರನೆಯ ಭಾಗ ಮುಗಿಯುವ ಹೊತ್ತಿಗೆ ಪಟ್ಟಣದವರದು ಮೂವತ್ತು, ನಮ್ಮದು ಒಂಬತ್ತು. ಒಂಬತ್ತನೆಯದು ಫ್ರೀ ಥ್ರೋ.

ಈ ನಡುವೆ ಕಾರಾ-ಕಾಷ್ಕಾ ಫೌಲ್ ಮಾಡುತ್ತಲೇ ಇತ್ತು. ಒಮ್ಮೆ ಎದೆಯಿಂದ ಬೇಕರಿಯವನನ್ನು ಅಂಗಳದಾಚೆ ತಳ್ಳಿತು. ಎರಡು ಸಲ ಗುಮಾಸ್ತನ ದಾರಿ ಕಟ್ಟಿತು. ನಾಲ್ಕನೆಯ ಸಲ ಒಬ್ಬ ಮೇಷ್ಟ್ರ ಶೂ ಮೇಲೆ ಕಾಲಿಟ್ಟು, ಎಷ್ಟು ಹೇಳಿದರೂ ತೆಗೆಯದೆ ನಿಂತಿತು. ಕೊನೆಗೆ ಡಾಕ್ಟರನ ಬೆನ್ನಿನ ಏಳನೆಯ ನಂಬರನ್ನು ಬಾಯಿಂದ ಹಿಡಿದು ಹರಿದುಕೊಂಡಿತು. ತನ್ನ ಬಾಯಿಗೆ ಕೈ ಹಾಕಿದವನನ್ನು ಅದು ಮರೆತಿರಲಿಲ್ಲ ಎಂದು ಊರವರು ಈಗಲೂ ಹೇಳುತ್ತಾರೆ. ಇನ್ಸ್‌ಪೆಕ್ಟರ್ ಸೀಟಿ ಊದಿ, ಕುದುರೆಯ ಮುಖದ ಮುಂದೆ ನಿಂತು, ಐದು ಬೆರಳು ತೋರಿಸಿದರು.

"ನಂಬರ್ ಐದು. ಐದು ಫೌಲ್. ಹೊರಗೆ."

ಕುದುರೆ ಅಗಿಯುತ್ತಲೇ ಇತ್ತು. ಅಣ್ಣ ಲಗಾಮು ತಿರುಗಿಸಿ ತಾನೂ ಹೊರಟ. ಅತ್ತಿಗೆ ಬಂದು ಲಗಾಮು ಹಿಡಿದಳು.

"ಇಳೀರಿ."

"ಏನು?"

"ಫೌಲ್ ಆಗಿರೋದು ಕುದುರೆಗೆ. ನಿಮಗಲ್ಲ. ಇಳೀರಿ."

"ಊರೆಲ್ಲ ನೋಡ್ತಿದೆ ಕಲಿಪಾ."

"ಇಪ್ಪತ್ತೈದು ವರ್ಷದಿಂದ ಊರ ಮುಂದೆ ನಾನು ನಡ್ಕೊಂಡೇ ಓಡಾಡಿದ್ದೀನಿ. ಏನೂ ಆಗಲ್ಲ. ಇಳೀರಿ."

ಅಣ್ಣ ಜನರನ್ನು ನೋಡಿದ, ಬೆಟ್ಟ ನೋಡಿದ, ಹೆಂಡತಿಯನ್ನು ನೋಡಿದ. ಜೀನಿನ ಮೇಲೆ ಕುಳಿತಾಗಲೂ ಅವಳ ಮುಖ ಅವನಿಗೆ ಅಷ್ಟೇನೂ ಕೆಳಗಿರಲಿಲ್ಲ. ಅವನು ಇಳಿದ. ಯಾರೋ ಹಿಂದಿನಿಂದ ನಕ್ಕರು. ತುರ್ದುಕೆ ಅಜ್ಜ ತಿರುಗಿ ನೋಡಿದ ಮೇಲೆ ನಗು ನಿಂತಿತು.

ಈಗ ಇನ್ನೊಂದು ಸಮಸ್ಯೆ. ಕುದುರೆ ಹೋದ ಮೇಲೆ ನಾವು ನಾಲ್ವರು. ಬದಲಿ ಆಟಗಾರ ಬೇಕು. ಮೆದೆರ್ ತನ್ನ ಬೂರುಲ್ ಮೇಲೆ ಬಂದರೆ ಇಬ್ಬರಾಗುತ್ತಾರೆ, ಒಟ್ಟು ಆರು. ಮೆದೆರ್ ಒಬ್ಬನೇ ನಡೆದು ಬರಲು ಸುತರಾಂ ಒಪ್ಪಲಿಲ್ಲ. "ಬೇಕಾದ್ರೆ ಬೂರುಲ್ ಬರ್ತಾನೆ," ಎಂದ. ಹಾಗೆ ಬೂರುಲ್ ಒಬ್ಬನೇ ಬಂದ. ಹದಿನೆಂಟು ವರ್ಷದ ಮುದಿ ಬೂದು ಕುದುರೆ. ನಮ್ಮ ಕುದುರೆಗಳಲ್ಲಿ ಫಾರಮಿನ ಪ್ರಕಾರ ನಿಜವಾಗಿ ವಯಸ್ಕನಾಗಿದ್ದವನು ಅವನೊಬ್ಬನೇ. ಬಲೆ, ಗಾಳಿ, ಈರುಳ್ಳಿ ಯಾವುದಕ್ಕೂ ಹೆದರುವ ವಯಸ್ಸು ಅವನದಾಗಿರಲಿಲ್ಲ. ಸವಾರನಿಲ್ಲದೆ ನಿಧಾನವಾಗಿ ನಡೆದು, ನಮ್ಮ ಬಳೆಯ ಕೆಳಗಿನ ನೆರಳಿನಲ್ಲಿ ನಿಂತು, ಒಂದು ಹಿಂಗಾಲನ್ನು ಸಡಿಲ ಬಿಟ್ಟು ಕಣ್ಣು ಮುಚ್ಚಿದ.

ಆಟದ ಕೊನೆಯ ಆ ಹತ್ತು ನಿಮಿಷ ಪಟ್ಟಣದವರು ಬಳೆಯ ಹತ್ತಿರ ಸುಳಿಯಲಿಲ್ಲ. ಹತ್ತಿರ ಬಂದರೆ ಬೂರುಲ್ ಕಣ್ಣು ತೆರೆಯದೆಯೇ ಬಾಲ ಬೀಸುತ್ತಿದ್ದ. ದೂರದಿಂದ ಎಸೆದದ್ದು, ಎರಡು ಸಲ ಬಿಟ್ಟರೆ, ಅವನ ಬೆನ್ನಿಗೆ ತಾಗಿ ವಾಪಸ್ ಬರುತ್ತಿತ್ತು.

ಇತ್ತ ಅತ್ತಿಗೆ ಅಣ್ಣನಿಗೆ ಒಂದೇ ಮಾತು ಹೇಳಿದಳು: "ನೀವು ಚೆಂಡು ಮುಟ್ಟಬೇಡಿ. ನನ್ನ ಹಿಂದೆ ಬರೋರನ್ನ ತಡೀರಿ, ಅಷ್ಟೇ."

ತಡೆಯುವುದು ಅಣ್ಣನಿಗೆ ಗೊತ್ತಿತ್ತು. ಅವನು ಬಾಗಿದ ಕಾಲುಗಳನ್ನು ನೆಲಕ್ಕೆ ಊರಿ ನಿಂತರೆ ಡಾಕ್ಟರ್ ಅವನನ್ನು ಸುತ್ತಿ ಬರುವಷ್ಟರಲ್ಲಿ ಅತ್ತಿಗೆ ಎಸೆದಾಗಿರುತ್ತಿತ್ತು. ಅಬ್ದಿಷ್ ಕೂಡ, ನಾಯಕನೇ ನೆಲಕ್ಕಿಳಿದದ್ದನ್ನು ನೋಡಿ ಏನನ್ನಿಸಿತೋ, ಮೊದಲ ಸಲ ಚೆಂಡನ್ನು ಅವಳಿಗೆ ಕೊಟ್ಟ. ಸೇಬು ಕೊಟ್ಟ ಹಾಗೆಯೇ ಕೊಟ್ಟ. ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ಮೂರು. ಅವಳ ತಲೆವಸ್ತ್ರ ಬಿಚ್ಚಿಕೊಂಡು ಬಿತ್ತು, ಎತ್ತಿಕೊಳ್ಳಲಿಲ್ಲ. ಅವಳ ಕೂದಲಿಗೆ ಅಷ್ಟು ನರೆ ಬಂದಿದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ಅಷ್ಟು ಎತ್ತರಕ್ಕೆ ನೆಗೆಯಬಲ್ಲಳು ಎಂದು ಯಾರಿಗೂ ಗೊತ್ತಿರಲಿಲ್ಲ. ಕುದುರೆ ಮೇಲಿಂದ ನೋಡುತ್ತಿದ್ದವರೂ ಕತ್ತೆತ್ತಿ ನೋಡಬೇಕಾಯಿತು.

ಕೊನೆಗೆ ಮೂವತ್ತನಾಲ್ಕು, ಇಪ್ಪತ್ತೊಂಬತ್ತು. ಐದರಿಂದ ಸೋತೆವು. ಡಾಕ್ಟರ್ ಬಂದು ಅತ್ತಿಗೆಯ ಕೈ ಕುಲುಕಿದ, ಅಣ್ಣನ ಕೈ ಕುಲುಕಿದ, ಬೂರುಲ್ ಹತ್ತಿರ ಹೋಗಿ ಸ್ವಲ್ಪ ಯೋಚಿಸಿ ಕತ್ತು ತಟ್ಟಿದ. ಕಾರಾ-ಕಾಷ್ಕಾ ಕಡೆ ಹೋಗಲಿಲ್ಲ. ಕುರಿ ಕೊಯ್ದು ಎಲ್ಲರಿಗೂ ಊಟ ಹಾಕಿದೆವು. ಇನ್ಸ್‌ಪೆಕ್ಟರ್ ವ್ಯಾನು ಹತ್ತುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, "ಬಳೆ ಇಲ್ಲೇ ಇರಲಿ," ಎಂದರು. "ಬಲೆಯನ್ನ ಮಾತ್ರ ಈರುಳ್ಳಿಗೆ ಹಾಕ್ಬೇಡಿ."

ಸಂಜೆ ಮನೆಯಲ್ಲಿ ಅಣ್ಣ ಬಿಸಿನೀರಿನ ಬೋಗುಣಿಯಲ್ಲಿ ಪಾದ ಇಟ್ಟುಕೊಂಡು ಕುಳಿತಿದ್ದ. ಎರಡೂ ಹಿಮ್ಮಡಿಗೆ ಬೊಬ್ಬೆ ಬಂದಿತ್ತು. ಅತ್ತಿಗೆ ಹಿಟ್ಟು ನಾದುತ್ತಿದ್ದಳು.

"ಫ್ರುಂಜೆಯಲ್ಲಿ ದಿನಾ ಹೀಗೇ ಆಡ್ತಿದ್ಯಾ?"

"ವಾರಕ್ಕೆ ಆರು ದಿನ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ಮದುವೆಯಾದ ಮೊದಲನೇ ವರ್ಷ, ಮೂರು ಸಲ. ನೀವು ಹೂಂ ಅಂದು ಕುದುರೆಗೆ ನೀರು ಕುಡಿಸೋಕೆ ಹೋದ್ರಿ."

ಅಣ್ಣ ನೀರಿನಲ್ಲಿ ಕಾಲು ಬೆರಳು ಆಡಿಸಿದ. ನಾನು ಅಲ್ಲಿಂದ ಎದ್ದು ಹೋಗಬೇಕಿತ್ತು, ಆದರೆ ಚಹಾ ಮುಗಿದಿರಲಿಲ್ಲ.

"ಆ ಕೊನೇ ಎಸೆತ," ಎಂದ ಅವನು, "ಬೆನ್ನು ತಿರುಗಿಸ್ಕೊಂಡು ಎಸೆದ್ಯಲ್ಲ. ಅದು ಹೇಗೆ?"

ಅವಳು ಹಿಟ್ಟಿನ ಕೈಯನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದಳು. ಅವನು ಒದ್ದೆ ಕಾಲಿನಲ್ಲೇ ಎದ್ದು ನಿಂತು ತಾನೂ ತಿರುಗಿಸಿ ನೋಡಿದ. ಬೋಗುಣಿ ಮಗುಚಿಕೊಂಡಿತು.

ಆ ಚಳಿಗಾಲದಲ್ಲಿ ಕಚೇರಿಯಿಂದ ಎರಡು ಪತ್ರ ಬಂದವು. ಮೊದಲನೆಯದರಲ್ಲಿ ಕಾರಾ-ಕಾಷ್ಕಾ, ತೊರು, ಬೂರುಲ್ ಎಂಬ ಆಟಗಾರರು ಎರಡೆರಡು ಫೋಟೋ ಮತ್ತು ಹೃದಯ ಪರೀಕ್ಷೆಯ ವರದಿ ಕಳಿಸಬೇಕು ಎಂದಿತ್ತು. ಕಳಿಸಿದೆವು, ವರದಿಗೆ ಅತ್ತಿಗೆಯೇ ಸಹಿ ಹಾಕಿದಳು, ಅವಳು ಓದಿದ್ದು ಅದನ್ನೇ ತಾನೇ. ಎರಡನೆಯದು ಜಿಲ್ಲೆಯ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಎಂದು ಬೂರುಲ್ ಹೆಸರಿಗೆ ಬಂದ ಪ್ರಶಸ್ತಿ ಪತ್ರ. ಮೆದೆರ್ ಅದಕ್ಕೆ ಕಟ್ಟು ಹಾಕಿಸಿ ಲಾಯದಲ್ಲಿ ತೂಗುಹಾಕಿದ.

ಪಂದ್ಯದ ಮಾರನೆಯ ಬೆಳಿಗ್ಗೆಯೇ ಸೋನುನ್‌ಬೂಬು ನಮ್ಮ ಮನೆಗೆ ಬಂದಿದ್ದಳು. ಅವಳಿಗೆ ಅರವತ್ತೊಂದು ವರ್ಷ. ಬಲೆ ಕೇಳಲು ಬಂದಿರಬೇಕು ಅಂದುಕೊಂಡೆ.

"ಕಲಿಪಾ, ಆ ಚೆಂಡು ನಿನ್ನ ಹತ್ರ ಇದೆಯಾ? ಪಟ್ಟಣದವರು ಬಿಟ್ಟು ಹೋದ್ರಲ್ಲ, ಗಾಳಿದು."

"ಇದೆ ಅಕ್ಕ. ಯಾಕೆ?"

"ಸುಮ್ನೆ. ಒಂದ್ಸಲ ಹಾಕಿ ನೋಡೋಣ ಅಂತ."

ಅವಳು ಹಾಕಿ ನೋಡಿದಳು. ಬೀಳಲಿಲ್ಲ. ಇನ್ನೊಂದು ಸಲ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಅವಳ ಇಬ್ಬರು ಸೊಸೆಯರು ಹುಡುಕಿಕೊಂಡು ಬಂದರು, ಬಂದವರು ಅಲ್ಲೇ ಉಳಿದರು. ಹಾಲು ಕರೆಯುವ ಹೆಂಗಸರು ಬೆಟ್ಟದಿಂದ ಇಳಿದ ಮೇಲೆ ಹನ್ನೊಂದು ಜನರಾದರು. ಅತ್ತಿಗೆ ಅವರಿಗೆ ಒಂದು ತಿಂಗಳು ಓಡುವುದನ್ನಷ್ಟೇ ಕಲಿಸಿದಳು. ಆಮೇಲೆ ಕೈಗೆ ಚೆಂಡು ಕೊಟ್ಟಳು. ಯಾರನ್ನೂ ಕುದುರೆಯಿಂದ ಇಳಿಸುವ ಕಷ್ಟ ಅವಳಿಗಿರಲಿಲ್ಲ, ಅವರ್ಯಾರೂ ಹತ್ತಿದವರಲ್ಲ. ಮರುವರ್ಷ ಪಟ್ಟಣಕ್ಕೆ ಹೋಗಿ ಮೂರು ಪಂದ್ಯ ಆಡಿದರು. ಎರಡು ಸೋತು, ಒಂದು ಗೆದ್ದು, ದಾರಿಯುದ್ದಕ್ಕೂ ಹಾಡುತ್ತ ಬಂದರು.

ಕಳೆದ ಅಕ್ಟೋಬರಿನಲ್ಲಿ ಸಾರಿ-ಚೀಗೂ ಕೆಳಗಿನ ಊರಿಗೂ ಕೋಕ್-ಬೊರು ಫೈನಲ್ ಇತ್ತು. ಮೂರು ಗಂಟೆಗೆ ಶುರುವಾಗಬೇಕು. ಇಪ್ಪತ್ನಾಲ್ಕು ಸವಾರರು ಮೈದಾನದಲ್ಲಿ ಸಾಲಾಗಿ ನಿಂತಿದ್ದರು. ನಡುವೆ ಮೇಕೆ ಮಲಗಿತ್ತು. ತೀರ್ಪುಗಾರ ಮಾತ್ರ ಇರಲಿಲ್ಲ. ಅಣ್ಣ ನನ್ನನ್ನೂ ಕರೆದುಕೊಂಡು ಹುಡುಕಲು ಹೊರಟ. ತುರ್ದುಕೆ ಅಜ್ಜ ಕಾಂಕ್ರೀಟ್ ಕಣದ ಪಕ್ಕ ಸ್ಟೂಲ್ ಹಾಕಿ ಕುಳಿತಿದ್ದ. ಹೆಂಗಸರು ಪಕ್ಕದ ಕಣಿವೆಯ ತಂಡದ ಜೊತೆ ಆಡುತ್ತಿದ್ದರು. ಅಜ್ಜ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಅಂಕ ಬರೆಯುತ್ತಿದ್ದ.

"ಅಜ್ಜ, ಎಲ್ಲರೂ ಕಾಯ್ತಿದ್ದಾರೆ," ಎಂದ ಅಣ್ಣ.

"ಕಾಯ್ಲಿ. ಇಪ್ಪತ್ತೆರಡು, ಇಪ್ಪತ್ತೆರಡು ಆಗಿದೆ ಕಣೋ. ಈಗ ಎದ್ದು ಬಾ ಅಂತೀಯಲ್ಲ, ಮನುಷ್ಯನಾ ನೀನು?"

ಅಣ್ಣ ಅತ್ತಿಗೆಯನ್ನು ಕೂಗಿದ: "ಇನ್ನೆಷ್ಟು ಹೊತ್ತು?"

ಅವಳು ತಿರುಗಿಯೂ ನೋಡದೆ ಕೈಬೆರಳು ತೋರಿಸಿದಳು. ಮೂರು ನಿಮಿಷ.

ನಾವು ನಿಂತೆವು. ಆಮೇಲೆ ಒಬ್ಬೊಬ್ಬರಾಗಿ ಸವಾರರೂ ಬಂದು ಕಣದ ಸುತ್ತ ಕುದುರೆ ನಿಲ್ಲಿಸಿದರು. ಕೆಳಗಿನ ಊರಿನವರು ಸ್ವಲ್ಪ ಹೊತ್ತು ಗೊಣಗಿ, ಮೇಕೆಯನ್ನು ಅಲ್ಲೇ ಬಿಟ್ಟು ತಾವೂ ಬಂದರು. ಬಾಸ್ಕೆಟ್‌ಬಾಲಿನ ಮೂರು ನಿಮಿಷ ಎಷ್ಟು ಉದ್ದವಿರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಫೌಲ್, ಟೈಮ್‌ಔಟ್, ಮತ್ತೆ ಫೌಲ್, ಆಮೇಲೆ ಸಮಬಲವಾಗಿ ಇನ್ನೈದು ನಿಮಿಷ. ಮುಗಿಯಲು ನಲವತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ನಾಯಿಗಳು ಮೇಕೆಯನ್ನು ಎಳೆದುಕೊಂಡು ಹೋಗಿದ್ದವು. ಯಾರೂ ನೋಡಿರಲಿಲ್ಲ.